ಒಂದು ಬಿರುಕು, ನಾಲ್ಕು ಥೀಸಿಸ್ಸು

ಮೊದಲು ಸೈರನ್ನು ಕೂಗುತ್ತಿತ್ತು. ಆಮೇಲೆ ತುಸು ಹೊತ್ತು ಮೌನ. ಆಮೇಲೆ ದೂರದ ಗುಡ್ಡದ ಹೊಟ್ಟೆಯೊಳಗಿಂದ ‘ಧಮ್’. ಅದರ ಬೆನ್ನಿಗೇ ಈರಮ್ಮನ ಗೂಡಿನಲ್ಲಿದ್ದ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಸಂಡೂರಿನ ಅಂಚಿನ ಆ ಕಾಲೊನಿಯಲ್ಲಿ ಗಣಿಯ ಆ ಸದ್ದಿಗೆ ಯಾರೂ ತಲೆ ಎತ್ತುತ್ತಿರಲಿಲ್ಲ. ಅನ್ನಕ್ಕಿಡುವ ಹೊತ್ತಾಯಿತೆಂದು ಒಲೆಯ ಕಡೆ ನಡೆಯುತ್ತಿದ್ದರು, ಅಷ್ಟೆ. ತಲೆ ಎತ್ತುತ್ತಿದ್ದವರು ನಾವು ಮಾತ್ರ: ನಾಲ್ಕು ಜನ ಸ್ಕಾಲರುಗಳು, ಮತ್ತು ಅವರ ದುಭಾಷಿಯಾದ ನಾನು. ಆ ಹೊತ್ತಿಗೆ ಅಲ್ಲಿದ್ದ ಎಲ್ಲರೂ ಏಕಕಾಲಕ್ಕೆ ಈರಮ್ಮನ ಗೋಡೆ ನೋಡುತ್ತಿದ್ದೆವು.

ನಾನು ಹೊಸಪೇಟೆಯಲ್ಲಿ ಇಂಗ್ಲಿಷ್ ಪಾಠ ಹೇಳಿ ರಿಟೈರಾದವಳು. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರುಗಳು ನನ್ನ ನಾಲಿಗೆಗೆ ಇಸ್ತ್ರಿ ಹಾಕಿ ಕಳಿಸಿದ್ದಾರೆ. ಏನು ಪ್ರಯೋಜನ? ಈ ವಯಸ್ಸಿನಲ್ಲಿ ಇಂಗ್ಲಿಷ್ ಮಾತಾಡಲು ಜನ ಸಿಗುವುದಿಲ್ಲ. ಸೊಪ್ಪಿನವಳ ಮುಂದೆ ‘ವುಡ್ ಯು ಬಿ ಸೋ ಕೈಂಡ್’ ಎನ್ನಲಾದೀತೆ? ಹಾಗಾಗಿ, ದುಭಾಷಿ ಬೇಕೆಂದು ಒಂದು ಬೆಳಗ್ಗೆ ಬಾಗಿಲಿಗೆ ಜೀಪು ಬಂದು ನಿಂತು, ‘ಗುಡ್ ಮಾರ್ನಿಂಗ್ ಮ್ಯಾಮ್’ ಎಂದು ಒಬ್ಬ ಹುಡುಗ ಕೈ ಹಿಡಿದು ಹತ್ತಿಸಿಕೊಂಡಾಗ, ಫ್ರಾಂಕ್ಲಿ, ಅವನು ಎಲ್ಲಿಗೆ ಕರೆದರೂ ಹೋಗುತ್ತಿದ್ದೆ. ಅವನು ಕರೆದದ್ದು ಬಿರುಕಿನ ಹತ್ತಿರಕ್ಕೆ.

ಹುಡುಗನ ಹೆಸರು ಅನಿರ್ಬಾನ್. ಊರು ಕೋಲ್ಕತ್ತ, ವಿಷಯ ಫಿಜಿಕ್ಸು. ಗಣಿಯ ಕಂಪನ ಮನೆಗಳ ತನಕ ಹೇಗೆ ಹರಿದುಬರುತ್ತದೆಂಬುದು ಅವನ ಪಿಎಚ್.ಡಿ. ಬಂಡ್ರಿಯಿಂದ ಬಂದು ಆ ಕಾಲೊನಿಯಲ್ಲಿ ಮನೆ ಕಟ್ಟಿಕೊಂಡಿದ್ದ ಈರಮ್ಮನ ಪಡಸಾಲೆಯಲ್ಲಿ ಮೇಲಿಂದ ಕೆಳಗೆ ಇಳಿದಿದ್ದ ಬಿರುಕನ್ನು ಕಂಡು ಅವನ ಮುಖ ಅರಳಿದ ರೀತಿಯನ್ನು ನೀವು ನೋಡಬೇಕಿತ್ತು. ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಸಿಮೆಂಟು ಮೆತ್ತಿ ಕೂರಿಸಿದ. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ಚಟ್ಟನೆ ಒಡೆಯುತ್ತದಂತೆ. ‘ಸ್ಟಡಿ ಮುಗಿಯುವವರೆಗೆ ದಯವಿಟ್ಟು ಗೋಡೆ ಮುಟ್ಟಬೇಡಿ’ ಎಂದ. ನಾನು ಅದನ್ನು ಕನ್ನಡಕ್ಕೆ ತಂದೆ. ಈರಮ್ಮ ಚಹಾ ಕೊಟ್ಟಳು.

ಸ್ಕಾಲರುಗಳಿಗೂ ಇರುವೆಗಳಿಗೂ ಒಂದು ಸಾಮ್ಯವಿದೆ. ಒಂದಕ್ಕೆ ಸಕ್ಕರೆ ಸಿಕ್ಕರೆ ಸಾಕು, ಉಳಿದವೂ ಸಾಲುಗಟ್ಟುತ್ತವೆ. ಶನಿವಾರ ಹಂಪಿಯ ಹೋಟೆಲಿನಲ್ಲಿ ಬಾಳೆಹಣ್ಣಿನ ಪ್ಯಾನ್‌ಕೇಕ್ ತಿನ್ನುತ್ತ ಅನಿರ್ಬಾನ್ ತನ್ನ ಬಿರುಕಿನ ಕತೆ ಹೇಳಿಕೊಂಡನಂತೆ. ಮುಂದಿನ ವಾರ ಜೀಪಿನಲ್ಲಿ ಅರ್ಬನ್ ಹೌಸಿಂಗಿನ ಮೇಡಂ ಇದ್ದರು. ‘ಕೈಯಾಗ ರೊಕ್ಕ ಆದಾಗ ಒಂದು ಕ್ವಾಣಿ ಕಟ್ಟಿದ್ವಿರಿ’ ಎಂದು ಈರಮ್ಮ ಹೇಳಿದ ಒಂದು ಮಾತನ್ನೇ ಅವರು ಇಡೀ ಅಧ್ಯಾಯಕ್ಕೆ ಹೆಸರಾಗಿಟ್ಟರು. ಅವರ ಹಿಂದೆ ಎಕನಾಮಿಕ್ಸಿನ ಹುಡುಗಿ ಬಂದಳು. ಈ ಮನೆಯವರು ಗೋಡೆಯನ್ನು ಯಾಕೆ ರಿಪೇರಿ ಮಾಡಿಸುತ್ತಿಲ್ಲ ಎಂಬುದು ಅವಳ ಸಂಶೋಧನೆ. ಮಾಡಿಸಬೇಡಿ ಎಂದು ಪಕ್ಕದಲ್ಲೇ ಕೂತಿದ್ದ ಅನಿರ್ಬಾನ್ ಹೇಳಿದ್ದಾನೆ ಎಂದು ಈರಮ್ಮ ಉತ್ತರಿಸಿದಳು. ಆ ಉತ್ತರಕ್ಕೆ ಹುಡುಗಿಯ ಪ್ರಶ್ನೆಗಳ ಹಾಳೆಯಲ್ಲಿ ಜಾಗವಿರಲಿಲ್ಲ. ‘ಅದರ್ಸ್’ ಎಂದು ಹಾಕಿಕೊಂಡಳು. ಕೊನೆಗೆ ಬಂದವರು ಎಜುಕೇಶನ್‌ನ ಪ್ರೊಫೆಸರು. ಅವರಿಗೆ ಬಿರುಕಿನ ಮನೆಯಲ್ಲಿ ಕೂತು ಓದುವ ಮಗು ಬೇಕಿತ್ತು. ಮನೆಯಲ್ಲಿ ಮಗುವಿರಲಿಲ್ಲ, ಮೆಟ್ರಿಯ ತವರಿನಲ್ಲಿ ಬಾಣಂತನಕ್ಕಿದ್ದ ಸೊಸೆಯ ಮಡಿಲಲ್ಲಿತ್ತು. ಇನ್ನೂ ಕತ್ತು ನಿಲ್ಲದ ಆ ಕೂಸನ್ನು ಅವರು ‘ಭವಿಷ್ಯದ ಕಲಿಕಾರ್ಥಿ’ ಎಂದು ಬರೆದುಕೊಂಡರು.

ಹಂಪಿ ಬಜಾರಿನ ಕಲ್ಲುಮಂಟಪಗಳ ಮುಂದೆ ನಡೆಯುವಾಗಲೆಲ್ಲ ನನಗೆ ಬಿರುಕಿನದೇ ಯೋಚನೆ. ಅಲ್ಲಿನ ಬಂಡೆಗಳಲ್ಲಿ ಸಾಲಾಗಿ ಹೊಡೆದ ಗುಳಿಗಳಿವೆ. ಹಿಂದಿನ ಕಲ್ಲುಕುಟಿಗರು ಅವುಗಳಲ್ಲಿ ಮರದ ಬೆಣೆ ಹೊಡೆದು ನೀರು ಹಾಕುತ್ತಿದ್ದರಂತೆ. ಬೆಣೆ ಉಬ್ಬಿ, ಬಂಡೆ ಅವರಿಗೆ ಬೇಕಾದ ಕಡೆಯೇ ಸೀಳುತ್ತಿತ್ತಂತೆ. ಬಿರುಕನ್ನು ಕರೆಸಿ ಕೆಲಸ ಮಾಡಿಸಿಕೊಂಡ ಜನ ಅವರು. ಈಗ ಹಂಪಿಯ ಕಲ್ಲು ಬಿರಿದರೆ ಹೆರಿಟೇಜು, ಸಂಡೂರಿನ ಗೋಡೆ ಬಿರಿದರೆ ಸ್ಯಾಂಪಲ್ಲು. ಎರಡನ್ನೂ ಮುಟ್ಟುವಂತಿಲ್ಲ. ವ್ಯತ್ಯಾಸವೆಂದರೆ ಹಂಪಿಯ ಮಂಟಪದಲ್ಲಿ ಯಾರೂ ಮೊಮ್ಮಗನಿಗೆ ತೊಟ್ಟಿಲು ಕಟ್ಟಿ ಕಾಯುತ್ತ ಕೂತಿಲ್ಲ.

ಈರಮ್ಮ ಕೂತಿದ್ದಳು. ಮೆಟ್ರಿಯ ಬೀಗತಿ ಹುಲುಗಮ್ಮ ಖಡಾಖಂಡಿತವಾಗಿ ಹೇಳಿ ಕಳಿಸಿದ್ದಳು: ‘ಗ್ವಾಡಿ ಮೆತ್ತೋತನಕ ಮಗಳನ್ನೂ ಕಳ್ಸಂಗಿಲ್ಲ, ಕೂಸನ್ನೂ ಕಳ್ಸಂಗಿಲ್ಲ.’ ಇತ್ತ ನಮ್ಮವರು ಮೆತ್ತಬೇಡಿ ಎನ್ನುತ್ತಿದ್ದರು. ಟಿಪ್ಪರ್ ಓಡಿಸುವ ಮಗ ಎರಡು ಸಲ ಸಿಮೆಂಟು ತಂದಿಟ್ಟ. ಎರಡು ಸಲವೂ ಅದು ಮೂಲೆಯಲ್ಲೇ ಗಟ್ಟಿಯಾಯಿತು. ಈರಮ್ಮ ಮಾತ್ರ ದಿನವೂ ಖಾಲಿ ತೊಟ್ಟಿಲ ಮೇಲಿನ ಕೆಂಧೂಳು ಒರೆಸುತ್ತಿದ್ದಳು.

‘ಬ್ಯಾಡ ಅಂತ ಹೇಳಿಬಿಡಬಾರದೇನೆ ಇವರಿಗೆ?’ ಎಂದೆ ಒಮ್ಮೆ.

‘ಹೆಂಗ ಅನ್ಲಿ ಟೀಚರಮ್ಮ? ಎಲ್ಲೆಲ್ಲಿಂದೋ ಬಂದಾರ, ಮನ್ಯಾಗ ಚಾ ಕುಡದಾರ. ಆ ಬಂಗಾಲಿ ಹುಡುಗ ಗ್ವಾಡಿಗೆ ಕಿವಿ ಹಚ್ಚಿ ಕುಂದರ್ತಾನ, ಪಾಪ. ಅವನ ಓದು ಕೆಡಿಸಿದ್ರ ನನಗ ಒಳ್ಳೇದಾಗ್ತೈತೇನ್ರಿ?’

ಆಮೇಲೆ ಒಂದು ದಿನ ನಾಲ್ವರೂ ಒಟ್ಟಿಗೆ ಬಂದರು. ಇಂಟರ್‌ಡಿಸಿಪ್ಲಿನರಿ ವಿಸಿಟ್ ಅಂತೆ. ಅದೇ ದಿನ ಹುಲುಗಮ್ಮನೂ ಮೆಟ್ರಿಯಿಂದ ಕಂಪ್ಲಿಯ ಬಸ್ಸು ಹಿಡಿದು ಬಂದಿಳಿದಳು. ಅವಳ ಕಂಕುಳಲ್ಲಿ ಗಂಟು ಕಂಡು ಈರಮ್ಮ ಎರಡೂ ಕೈ ಚಾಚಿ ಓಡಿದಳು. ಗಂಟಿನಲ್ಲಿದ್ದದ್ದು ಸಜ್ಜೆ ರೊಟ್ಟಿ.

‘ಕೂಸು?’

‘ಗ್ವಾಡಿ ನೋಡಾಕ ಬಂದೀನಿ ಬೀಗ್ತಿ, ಕೂಸ್ಯಾಕ?’

ಅವಳು ನೆಟ್ಟಗೆ ಗೋಡೆಯ ಮುಂದೆ ನಿಂತು, ಗಾಜನ್ನೂ ನಮ್ಮನ್ನೂ ನೋಡಿ ನನ್ನ ಕಡೆ ತಿರುಗಿದಳು. ‘ಅಮ್ಮಾರ, ಇಷ್ಟು ಮಂದಿ ಶ್ಯಾಣ್ಯಾರು ಕುಂತೀರಿ. ಒಂದು ಮಾತು ಹೇಳ್ರಿ. ಈ ಗ್ವಾಡಿ ಬೀಳ್ತೈತೋ ಇಲ್ಲೋ?’

ನಾನು ಅದನ್ನು ಇಂಗ್ಲಿಷಿನಲ್ಲಿ ಅವರಿಗೆ ಕೇಳಿದೆ. ಹೌಸಿಂಗ್ ಮೇಡಂ, ‘ಬೀಳುವುದು’ ಎಂದರೇನೆಂದು ಮೊದಲು ಡಿಫೈನ್ ಮಾಡಬೇಕೆಂದರು. ಎಕನಾಮಿಕ್ಸಿನ ಹುಡುಗಿ, ಬೀಳುತ್ತದೆಂದು ಮನೆಯವರು ನಂಬಿದ್ದಾರೋ ಇಲ್ಲವೋ ಅದಷ್ಟೇ ಮುಖ್ಯ ಎಂದಳು. ಪ್ರೊಫೆಸರು, ಪ್ರಶ್ನೆ ಕೇಳುವ ಗುಣವನ್ನು ಮೆಚ್ಚಿಕೊಂಡರು. ಅನಿರ್ಬಾನ್ ನೆಲ ನೋಡುತ್ತ, ಇನ್ನಷ್ಟು ಡೇಟಾ ಬೇಕು ಎಂದ. ಇದೆಲ್ಲ ಸೇರಿ ಒಳ್ಳೇ ಇಂಗ್ಲಿಷಿನ ಅರ್ಧ ಗಂಟೆ. ನಾನು ಅನುವಾದಿಸಿದೆ: ‘ಗೊತ್ತಿಲ್ಲಂತ.’

‘ನಾಕೂ ಮಂದಿಗೂ?’

‘ನಾಕೂ ಮಂದಿಗೂ.’

‘ಅಯ್ಯ, ನನಗೂ ಗೊತ್ತಿಲ್ಲ. ಹಂಗಾರ ನಾನೂ ಸ್ಕಾಲರ್ರ ಆದ್ನಲ್ರಿ!’ ಎಂದು ರೊಟ್ಟಿಯ ಗಂಟು ಈರಮ್ಮನ ಕೈಗಿಟ್ಟು ಹೊರಟಳು. ಈರಮ್ಮ ಆ ಗಂಟನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ಅವತ್ತು ಚಹಾ ಬರಲಿಲ್ಲ.

ಹುಲುಗಮ್ಮನ ಬಗ್ಗೆ ನನಗೊಂದು ಅನುಮಾನವಿತ್ತು, ಹೇಳಿಬಿಡುತ್ತೇನೆ. ಕೂಸನ್ನು ಬಿಟ್ಟಿರಲು ಅವಳಿಗೇ ಆಗುತ್ತಿರಲಿಲ್ಲ. ಗೋಡೆ ಸರಿಯಾದರೆ ಬಾಗಿಲಿನ ನೆಪ, ಬಾಗಿಲು ಸರಿಯಾದರೆ ನೀರಿನ ನೆಪ ತೆಗೆಯುವವಳೇ. ಮುಗಿಯದ ಸ್ಟಡಿ ಯಾರಿಗೆ ಬೇಡ? ಎಲ್ಲರಿಗೂ ಬೇಕಿತ್ತು, ಜೀಪಿನ ಆಸೆಗೆ ನನಗೂ; ಈರಮ್ಮನೊಬ್ಬಳನ್ನು ಬಿಟ್ಟು.

ಹೊಸಪೇಟೆಗೆ ಮರಳುವ ದಾರಿಯಲ್ಲಿ ಅನಿರ್ಬಾನ್ ಮೆಲ್ಲಗೆ ಹೇಳಿದ: ‘ಮ್ಯಾಮ್, ಗಾಜು ಒಡೆದಿಲ್ಲ.’

‘ಕಂಡೆ.’

‘ಒಡೆಯುವುದೂ ಇಲ್ಲ. ಅದು ಹಳೇ ಬಿರುಕು. ಮನೆ ಕಟ್ಟಿದಾಗ ಮಣ್ಣು ಕುಸಿದು ಆದದ್ದು, ಆಮೇಲೆ ಅಲ್ಲಾಡಿಲ್ಲ. ಗಣಿಯ ಕಂಪನ ಅಲ್ಲಿಗೆ ಬರುವಷ್ಟರಲ್ಲಿ ತಟ್ಟೆ ಕುಣಿಸುವಷ್ಟೇ ಉಳಿದಿರುತ್ತದೆ.’

‘ಮತ್ತೆ ಆಗಲೇ ಯಾಕೆ ಹೇಳಲಿಲ್ಲ?’

‘ಹೇಳಿದರೆ ಸ್ಟಡಿ ಮುಗಿಯಿತಲ್ಲ ಮ್ಯಾಮ್. ‘ಏನೂ ಆಗಲಿಲ್ಲ’ ಎಂಬ ಥೀಸಿಸ್ಸಿಗೆ ಯಾರು ಡಾಕ್ಟರೇಟ್ ಕೊಡುತ್ತಾರೆ? ಒಂದು ದಿನವಾದರೂ ಒಡೆದೀತು ಅಂತ ಕಾಯ್ತಿದ್ದೆ.’

ನನಗೆ ನಗುವೂ ಬಂತು, ಸಂಕಟವೂ ಆಯಿತು. ಏನೂ ಆಗದಿರಲಪ್ಪಾ ಎಂದು ಈ ಸೀಮೆಯ ಹೆಂಗಸರು ದಿನಾ ಬೆಳಗ್ಗೆ ದೀಪ ಹಚ್ಚುತ್ತಾರೆ. ಅವರು ಬೇಡಿಕೊಂಡದ್ದು ಈ ಹುಡುಗನಿಗೆ ಸಿಕ್ಕಿದೆ, ಅವನು ಅದನ್ನು ಫೇಲ್ಯೂರ್ ಎನ್ನುತ್ತಾನೆ. ಹಳೆಯ ಟೀಚರ್ ದನಿ ತಾನಾಗಿ ಹೊರಬಂತು: ‘ಯಂಗ್ ಮ್ಯಾನ್, ಮೆಟ್ರಿಗೆ ಹೋಗಿ ಇದನ್ನೇ ಪೂರ್ತಿ ವಾಕ್ಯದಲ್ಲಿ ಹೇಳಿ ಬಾ.’

ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಜೀಪು ಬಂತು. ಕಾಲುವೆ, ಭತ್ತದ ಗದ್ದೆ ದಾಟಿ ಹುಲುಗಮ್ಮನ ಅಂಗಳದಲ್ಲಿ ಇಳಿದೆವು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನೇ, ಈರಮ್ಮನ ಮನೆಯಲ್ಲಿ ಕಲಿತ ಕನ್ನಡದಲ್ಲಿ ಹೇಳಿದ: ‘ಅವ್ವಾ, ಗ್ವಾಡಿ ಬೀಳಂಗಿಲ್ರಿ.’

ಹುಲುಗಮ್ಮ ನನ್ನ ಕಡೆ ತಿರುಗಿದಳು. ‘ಏನಂತಾನ್ರಿ ಅಮ್ಮಾರ?’

ನಾನು ಕನ್ನಡದಿಂದ ಕನ್ನಡಕ್ಕೆ ಅನುವಾದಿಸಿದೆ.

‘ಮುಂದ ಆ ಗಾಜು ಒಡದ್ರ?’

‘ನಿಮ್ ಕೂಸು ನೀವ್ ವಾಪಸ್ ಕರ್ಕೊಂಡ್ ಬರ್ರಿ’ ಎಂದ.

ಒಳಗಿಂದ ಮಗಳು ಸುಮ್ಮನೆ ಬಟ್ಟೆಯ ಚೀಲ ತಂದು ಬಾಗಿಲಲ್ಲಿಟ್ಟಳು. ಅದೂ ಒಂದು ಉತ್ತರವೇ. ‘ಆತು ಒಯ್ರಿ. ಆದ್ರ ಆ ಗಾಜು ಅಲ್ಲೇ ಇರ್ಬೇಕು ನೋಡು ತಮ್ಮಾ’ ಎಂದಳು ಹುಲುಗಮ್ಮ.

ಕೂಸು ಸಂಡೂರಿಗೆ ಬಂದು ಹದಿನೈದು ದಿನವಾಗಿರಬಹುದು. ಅನಿರ್ಬಾನ್ ತನ್ನ ಸಾಮಾನು ಬಿಚ್ಚಿಕೊಂಡು ಹೋಗಲು ಬಂದ, ನಾನೂ ಜೊತೆಗಿದ್ದೆ. ಈರಮ್ಮ ಇಡೀ ಪಡಸಾಲೆಗೆ ಸುಣ್ಣ ಬಳಿಸಿ, ಗಾಜಿನ ಸುತ್ತ ಮಾತ್ರ ಬಿರುಕನ್ನು ಹಾಗೇ ಬಿಟ್ಟಿದ್ದಳು. ಅವನು ಕೈ ಎತ್ತಿದ ಕೂಡಲೇ ಗದರಿದಳು: ‘ಏ ತಮ್ಮಾ, ಮುಟ್ಟಬ್ಯಾಡ! ನಮ್ಮ ಬೀಗ್ತಿ ದಿನಾ ಫೋನ್ ಮಾಡ್ತಾಳ. ಮದ್ಲು ಗಾಜು ಹೆಂಗೈತಿ ಅಂತಾಳ, ಆಮ್ಯಾಲ ಕೂಸು ಹೆಂಗೈತಿ ಅಂತಾಳ.’

‘ಆದರೆ ಸ್ಟಡಿ ಮುಗೀತಲ್ರಿ ಅವ್ವಾ.’

‘ನಿಂದು ಮುಗೀತು. ಆಕಿದು ಮುಗಿದಿಲ್ಲ. ಇದನ್ನ ಹಿಡಿ, ಚಾ ಇಡ್ತೀನಿ’ ಎಂದು, ಆಗಷ್ಟೇ ಕಣ್ಣು ಮುಚ್ಚಿದ್ದ ಮೊಮ್ಮಗನನ್ನು ಅವನ ಕೈಗಿಟ್ಟು ಒಳಗೆ ಹೋದಳು.

ಆಮೇಲೆ ಅವನು ಊರಿಗೆ ಹೋದ. ಥೀಸಿಸ್ಸು ಏನಾಯಿತೋ ತಿಳಿಯದು. ನನ್ನ ಬಾಗಿಲಿಗೆ ಜೀಪು ಬರುವುದೂ ನಿಂತಿತು. ಅವನನ್ನು ನಾನು ಕಡೆಯ ಸಲ ನೋಡಿದ್ದು ಆ ಪಡಸಾಲೆಯಲ್ಲಿ: ಕೂಸು ಎದ್ದೀತೆಂದು ಉಸಿರನ್ನೂ ಜೋರಾಗಿ ಬಿಡದೆ, ಎರಡೂ ಕೈಯಲ್ಲಿ ಅದನ್ನು ಹಿಡಿದು, ಆ ಗೋಡೆಗೇ ಬೆನ್ನು ಕೊಟ್ಟು ನಿಂತಿದ್ದ.