ಹೊಳೆ ಕಾಯುವ ಹೂವಪ್ಪನವರು

ಕೋಳಿ ಅಂಗಡಿಗಳ ತ್ಯಾಜ್ಯ ತುಂಗೆಯ ಪಾಲಾಗದಂತೆ ಕಾಯುವ ನಮ್ಮ ತೀರ್ಥಹಳ್ಳಿಯ ಹೆಲ್ತ್ ಇನ್ಸ್‌ಪೆಕ್ಟರ್ ಹೂವಪ್ಪನವರು, ಬಂಧುಗಳೇ, ಬೆಳಗ್ಗೆ ದೇವರ ಮುಖಕ್ಕಿಂತ ಮೊದಲು ತ್ಯಾಜ್ಯದ ಡ್ರಮ್ಮುಗಳ ಮುಖ ನೋಡುವವರು. ಮುಚ್ಚಳ ತೆರೆದು, ಕೋಲಿನಿಂದ ಕೆದಕಿ, ಕೋಳಿತಲೆಗಳನ್ನು ಜಪದಷ್ಟೇ ಶ್ರದ್ಧೆಯಿಂದ ಎಣಿಸುತ್ತಾರೆ. "ಕೊಯ್ದಿದ್ದು ನಲವತ್ತು, ಇಲ್ಲಿರೋದು ಮೂವತ್ತೊಂದು. ಉಳಿದವು ಈಜಕ್ಕೆ ಹೋದ್ವೇನೋ ಮಾರಾಯ?" "ಕಸದ ಗಾಡಿ ಬರ್ಲಿಲ್ಲ ಸಾರ್, ನಾತ ತಡೆಯಕ್ಕಾಗ್ಲಿಲ್ಲ" ಎಂದು ಅಂಗಡಿಯವನು ತಲೆ ತಗ್ಗಿಸಿದರೆ, ದಂಡದ ಚೀಟಿ ಹರಿದುಕೊಟ್ಟು, ತಾವೇ ಪ್ಯಾಂಟು ಮಡಚಿ ಹೊಳೆಗಿಳಿದು ಪುಕ್ಕ, ಕರುಳುಗಳನ್ನು ಬಾಚಿ ತೆಗೆಯುತ್ತಾರೆ. ಕಳೆದ ಏಕಾದಶಿಯಂದು ನಮ್ಮ ದೇವಸ್ಥಾನದಲ್ಲಿ ಭಜನೆ ಮುಗಿದಾಗ, ಅದೇ ಹೊಳೆಯಿಂದ ತಂದ ತೀರ್ಥವನ್ನು ನಾನು ಮೊದಲು ಅವರಿಗೇ ಕೊಟ್ಟೆ. ಅವರು ಅದನ್ನು ಭಕ್ತಿಯಿಂದ ತಲೆಗೆ ಸವರಿಕೊಂಡರು, ಕುಡಿಯಲಿಲ್ಲ. "ಕ್ಷಮಿಸಿ ಸ್ವಾಮಿ," ಎಂದರು ಮೆಲ್ಲಗೆ, "ಹೊಳೆಯ ಮೇಲ್ಗಡೆಯ ಅಂಗಡಿಗಳು ನನ್ನ ಸರಹದ್ದಿಗೆ ಬರಲ್ಲ." ಅವರ ಹಿಂದೆ ಮಕ್ಕಳ ಸಾಲು ಅಂಗೈ ಚಾಚಿ ನಿಂತಿತ್ತು.