ರಕ್ತ ಕೊಟ್ಟು ಬಂದವಳಿಗೆ ಏಡಿ ಸಾರು

ಸ್ನೇಹಿತರೇ, ಇವತ್ತು ಗುಂಡ್ಲುಪೇಟೆಯಲ್ಲಿ ಮಗಳ ರಕ್ತವನ್ನು ಅಲರ್ಜಿ ಪರೀಕ್ಷೆಗೆ ಕೊಟ್ಟು ತೆರಕಣಾಂಬಿಯ ಮನೆಗೆ ಬಂದರೆ, ಬಾಗಿಲಲ್ಲೇ ಏಡಿ ಸಾರಿನ ವಾಸನೆ.

ಹೋದ ತಿಂಗಳು ನೆಗಡಿಗೆಂದು ಅತ್ತೆ ಕುಡಿಸಿದ್ದ ಇದೇ ಸಾರಿಗೆ ಒಂಬತ್ತು ವರ್ಷದ ಇವಳ ಗಂಟಲು ಊದಿ ಉಸಿರು ಕಟ್ಟಿತ್ತು. ಆಟೋದಲ್ಲಿ ಆಸ್ಪತ್ರೆ ಸೇರುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ಪರೀಕ್ಷೆ ಬರೆದುಕೊಟ್ಟ ಡಾಕ್ಟರು, ಏಡಿ ಸೀಗಡಿ ಮುಟ್ಟಿಸಲೇಬೇಡಿ ಎಂದಿದ್ದರು.

“ಏನತ್ತೆ ಇದು?” ಅಂದೆ.

“ರಕ್ತ ತೆಗ್ಸ್ಕಂಡು ಬಂದದೆ ಮಗ. ಮೈಗೆ ರಕ್ತ ತುಂಬ್ಕಬ್ಯಾಡ್ವಾ?”

“ಆವತ್ತಿನದು ಮರ್ತೋಯ್ತಾ?”

“ಆವತ್ತು ಕಣ್ಣು ಬಿದ್ದಿತ್ತು ಕಣವ್ವ. ಅದ್ಕೇ ಈಸಲ ದೃಷ್ಟಿ ತೆಗ್ದೇ ಒಲೆ ಮ್ಯಾಲಿಕ್ಕಿವ್ನಿ.”

ಪಾತ್ರೆ ಎತ್ತಿ ಹಿತ್ತಲಿಗೆ ಸುರಿದೆ. ಅತ್ತೆ ಬಾಯಿಗೆ ಸೆರಗಿಟ್ಟು ಅಳತೊಡಗಿದರು. ತೋಳಿನ ಮೇಲಿನ ಹತ್ತಿ ಒತ್ತಿಕೊಂಡು ನಿಂತಿದ್ದ ಮಗಳು ನನ್ನ ಸೀರೆ ಜಗ್ಗಿದಳು.

“ಅಜ್ಜಿ ಅಳ್ತದೆ ಕಣಮ್ಮ. ತಳದಲ್ಲಿ ಉಳಿದಿದ್ರೆ ಕೊಡು, ಒಂಚೂರು ಕುಡ್ದುಬುಡ್ತೀನಿ.”

ಫಲಿತಾಂಶ ಬರಲು ನಾಲ್ಕು ದಿನ ಬೇಕಂತೆ. ಅಲ್ಲಿವರೆಗೆ ನನ್ನ ಹಾಸಿಗೆ ಒಲೆಯ ಮುಂದೆ.