ಮರಳ ಮೇಲೆ ಬರೆದ ದನ

ಶಿಶುಗಳು ಪುಸ್ತಕವನ್ನು ಓದುವ ಮೊದಲು ರುಚಿ ನೋಡುತ್ತವೆ ಎಂಬುದನ್ನು ನೀವೂ ಗಮನಿಸಿರಬೇಕು. ನನ್ನ ಮಗಳು ಮೇಧಾ ಎಂಟು ತಿಂಗಳ ಕೂಸಾಗಿದ್ದಾಗಲೇ ‘ಅ’ಕಾರದ ರಟ್ಟಿನ ಕಾರ್ಡಿನ ಒಂದು ಮೂಲೆಯನ್ನು ಜೀರ್ಣಿಸಿಕೊಂಡಿದ್ದಳು. ಅಕ್ಷರಾಭ್ಯಾಸ ಇಷ್ಟು ಅಕ್ಷರಶಃ ಆದದ್ದನ್ನು ಕಂಡು, ಗಲ್ಫ್ ದೇಶದ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ವಾಲ್ವುಗಳನ್ನು ಕಾಯುವ ಈ ಬಡಪಾಯಿಯೊಳಗಿನ ಶಿಕ್ಷಣತಜ್ಞ ಎದ್ದು ಕುಳಿತ.

ಅಂದಿನಿಂದ ಅಲ್ ರಯ್ಯಾನಿನ ನಮ್ಮ ಮನೆಯಲ್ಲಿ ರಟ್ಟಿನ ಕಾರ್ಡುಗಳ ಪಾಠ ನಿತ್ಯವಿಧಿಯಾಯಿತು. ಊಟದ ತಟ್ಟೆಯ ಪಕ್ಕದಲ್ಲಿ, ಸ್ನಾನದ ಟಬ್ಬಿನ ಅಂಚಿನಲ್ಲಿ, ಕಾರಿನ ಸೀಟಿನಲ್ಲಿ ನಾನು ಒಂದೊಂದೇ ಕಾರ್ಡು ಎತ್ತಿ ಹಿಡಿಯುವುದು, ಅವಳು ಅದನ್ನು ಅಗಿಯುವುದು. ಎರಡೂವರೆ ವರ್ಷ ತುಂಬುವಷ್ಟರಲ್ಲಿ ಹತ್ತು ಅಕ್ಷರಗಳನ್ನು ಪಟಪಟನೆ ಹೇಳತೊಡಗಿದಳು. ಸಹೋದ್ಯೋಗಿಗಳಿಗೆಲ್ಲ ವಿಡಿಯೊ ಕಳಿಸಿದೆ. ಆ ದಿನಗಳಲ್ಲಿ ನನ್ನ ವಿನಯ ದೀರ್ಘ ರಜೆಯಲ್ಲಿತ್ತು.

ಹೆಂಡತಿ ಶೈಲಾಗೆ ಮಾತ್ರ ಅಡ್ಮಿಷನ್ನಿನ ಚಿಂತೆ. “ಸಾಲ್ಯಾಗ ಎಬಿಸಿಡಿ ಕೇಳ್ತಾರ್ರೀ, ನಿಮ್ಮ ಅಆಇಈ ಅಲ್ಲ. ಈ ಶುಕ್ರವಾರ ಹಮೀದಣ್ಣನ ಮುಂದ ಓದಿದ್ರ ಸರಿ. ಇಲ್ಲಾಂದ್ರ ಕನ್ನಡ ಖಲಾಸ್!”

ಹಮೀದಣ್ಣ ಎದುರು ಮನೆಯವರು, ಪುತ್ತೂರಿನ ಕಡೆಯವರು. ಅವರೆದುರು ಮಾನ ಹೋಗಬಾರದೆಂದು ಗುರುವಾರವೇ ಆ ಕೊಳಕು ಕಾರ್ಡುಗಳನ್ನು ಎಸೆದು, ಹೊಸದಾಗಿ ಬರೆದು, ಲ್ಯಾಮಿನೇಷನ್ ಮಾಡಿಸಿದೆ.

ಮರುದಿನ ಮೇಧಾ ಥಳಥಳಿಸುವ ‘ದ’ವನ್ನು ನೋಡಿದಳು, ತಿರುಗಿಸಿದಳು, ಮೂಸಿದಳು. “ಪಪ್ಪಾ, ಸಾರು ಎಲ್ಲೈತಿ?” ಎಂದಳು. ಆಗ ತಿಳಿಯಿತು: ಸಾರು ಚೆಲ್ಲಿದ್ದು ‘ದ’, ಮೂಲೆ ಕಚ್ಚಿದ್ದು ‘ಅ’, ಹಾಲಿನ ಕಲೆಯದ್ದು ‘ನ’. ಇಷ್ಟು ದಿನ ಅವಳು ಓದಿದ್ದು ನಮ್ಮ ಅಡುಗೆಮನೆಯನ್ನು.

“ಎಂತ ಮಾರಾಯ್ರೇ, ಅಕ್ಷರಕ್ಕೂ ಸಾರು ಬಡಿಸಿದ್ದೀರಾ?” ಎಂದು ಹಮೀದಣ್ಣ ನಕ್ಕರು. ನನಗೆ ನಗು ಬರಲಿಲ್ಲ. ನಾನು ಓದುತ್ತ ಬೆಳೆದ ಭಾಷೆ ಮಗಳಿಗೆ ಬರೀ ಬಾಯಿಮಾತಾಗಿ ಉಳಿದುಬಿಡುತ್ತದಲ್ಲ ಎಂದು ನಿಜಕ್ಕೂ ದುಃಖವಾಯಿತು. ಶೈಲಾಳ ಕೈಕಾಲು ಹಿಡಿದು ನಾಲ್ಕು ಶುಕ್ರವಾರಗಳ ವಾಯಿದೆ ಪಡೆದೆ.

ಕಲೆ ಹಿಡಿಯದ ಪಾಟಿ ಎಲ್ಲಿದೆ? ಒಂದು ಗಂಟೆ ಕಾರು ಓಡಿಸಿದರೆ ಬೇಕಾದಷ್ಟಿತ್ತು. ಬಿಸಿಲೇರುವ ಮೊದಲೇ ಮೂವರೂ ಮರಳ ದಿಬ್ಬಗಳಿಗೆ ಹೋಗುವುದು, ನಾನು ಹಿಮ್ಮಡಿಯಿಂದ ಕೋಣೆಯಷ್ಟಗಲದ ಅಕ್ಷರ ಗೀಚುವುದು, ಮೇಧಾ ಆ ಗೆರೆಯ ಮೇಲೆ ಬರಿಗಾಲಲ್ಲಿ ನಡೆಯುವುದು. ಗಾಳಿ ಅಳಿಸಿದರೆ ಇನ್ನೊಂದು ಕಡೆ, ಇನ್ನೊಂದು ಅಳತೆಯಲ್ಲಿ ಬರೆಯುತ್ತಿದ್ದೆ. ನೆನಪಿಡಲು ಆಕಾರವೊಂದನ್ನು ಬಿಟ್ಟು ಅವಳಿಗೆ ಬೇರೇನೂ ಸಿಗುವಂತಿರಲಿಲ್ಲ.

ನಾಲ್ಕನೆಯ ಶುಕ್ರವಾರ ಮೊದಲ ಬಾರಿಗೆ ಎರಡಕ್ಷರ ಜೋಡಿಸಿ ‘ದನ’ ಎಂದು ಬರೆದೆ. ಎದುರಿಗೆ ಪ್ರವಾಸಿಗರನ್ನು ಹೊರುವ ಒಂಟೆಯೊಂದು ಮೆಲುಕು ಹಾಕುತ್ತಿತ್ತು. ಶೈಲಾ ಕೈಕಟ್ಟಿ ನಿಂತಿದ್ದಳು.

ಮೇಧಾ ಒಂದಕ್ಷರ ನಡೆದಳು, ಇನ್ನೊಂದಕ್ಷರ ನಡೆದಳು. “ದ... ನ... ದನ!” ಎಂದು ಕೂಗಿದಳು. ಆಮೇಲೆ ತಲೆಯೆತ್ತಿ ಒಂಟೆಯನ್ನು ನೋಡಿ, ಟೊಂಕದ ಮೇಲೆ ಕೈಯಿಟ್ಟು ನನ್ನನ್ನು ಗದರಿದಳು: “ಪಪ್ಪಾ, ತಪ್ಪ ಬರದಿ! ಅದು ಒಂಟಿ!”

ಇಷ್ಟು ಸಂತೋಷದಿಂದ ನಾನು ಜನ್ಮದಲ್ಲಿ ಬೈಸಿಕೊಂಡಿಲ್ಲ. ಕಣ್ಣೆದುರು ಇದ್ದದ್ದನ್ನು ನೋಡಿ ಊಹಿಸಿ ಹೇಳದೆ, ಬರೆದದ್ದನ್ನು ಓದಿ, ಬರೆದವನೊಡನೆ ಜಗಳಕ್ಕೂ ನಿಂತಳೆಂದರೆ ಓದುಗಾರ್ತಿ ಎನಿಸಿಕೊಳ್ಳಲು ಇನ್ನೇನು ಬೇಕು, ಹೇಳಿ! ಶೈಲಾ ಕಟ್ಟಿದ್ದ ಕೈ ಬಿಚ್ಚಿ ನನ್ನ ಬೆನ್ನಿಗೊಂದು ಗುದ್ದಿದಳು.

“ಅಳಿಸ್ರೀ ಅದನ್ನ. ಒಂಟಿ ಅಂತ ಬರೀರಿ, ಅಕೀ ಓದಲಿ.”